ಸರ್ವೋ ತಿರುಗಿತು ಅಂತ ದುಡ್ಡು ಕೊಟ್ಟು ಬರಬೇಡಿ

ಎಂಟು ವರ್ಷದಿಂದ ಆರ್‌ಸಿ ವಿಮಾನ, ಅಂದರೆ ರಿಮೋಟ್‌ನಿಂದ ಹಾರಿಸುವ ಪುಟ್ಟ ವಿಮಾನ, ಹಾರಿಸುತ್ತಿದ್ದೇನೆ. ಹೊಸಬರಿಗೆ ಬುದ್ಧಿ ಹೇಳುವವನೇ ನಾನು. ಅಂಥವನೇ ಟೋಪಿ ಹಾಕಿಸಿಕೊಂಡು ಬಂದೆ.

ಬೆಂಗಳೂರಿನ ಎಸ್‌.ಪಿ. ರೋಡ್‌ನ ಒಂದು ಅಂಗಡಿ. ಐಲರಾನ್‌ಗೆ (ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ರೆಕ್ಕೆ ಪಟ್ಟಿ) ಎರಡು ಮೆಟಲ್ ಗೇರ್ ಸರ್ವೋ ಕೇಳಿದೆ. ಸರ್ವೋ ಅಂದರೆ ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು. ಟೆಸ್ಟರ್‌ಗೆ ಸಿಕ್ಕಿಸಿ ನಾಬ್ ತಿರುಗಿಸಿದರು. ಹಾರ್ನ್ (ಸರ್ವೋ ಮೇಲೆ ತಿರುಗುವ ಪುಟ್ಟ ತೋಳು) ಸರ್ರಂತ ಆ ಕಡೆ, ಸರ್ರಂತ ಈ ಕಡೆ. "ನೋಡಿ ಸಾರ್, ಪಕ್ಕಾ ಮಾಲು." ನಾನೂ ತಲೆ ಆಡಿಸಿದೆ. ಅಲ್ಲೇ ಬಿದ್ದಿದ್ದು ನಾನು. ತಿರುಗಿತು, ಅಷ್ಟೇ. ಎಷ್ಟು ತಿರುಗಿತು, ಎರಡೂ ಕಡೆ ಸಮ ಇತ್ತಾ, ನಡುವಿಗೆ ವಾಪಸ್ ಬಂತಾ, ಒಂದನ್ನೂ ನೋಡಲಿಲ್ಲ.

ಭಾನುವಾರ ಹೊಸಕೋಟೆ ಕಡೆ ಬಯಲಿಗೆ ಹೋದೆವು. ವಿಮಾನ ಮೇಲೆದ್ದಿತು, ಸ್ವಲ್ಪ ಬಲಕ್ಕೆ ವಾಲಿಸಿದೆ. ಸ್ಟಿಕ್ ಬಿಟ್ಟರೂ ವಾಲುತ್ತಲೇ ಹೋಯಿತು. ಎಡಕ್ಕೆ ಎಳೆದೆ, ಸಾಲಲಿಲ್ಲ. ನೆಲ. ಅಣ್ಣನ ಮಗ ಕೇಳಿದ, "ಚಿಕ್ಕಪ್ಪ, ಬೇಕಂತ ಮಾಡಿದ್ಯಾ?"

ಮನೆಗೆ ಬಂದು ಹಾರ್ನ್‌ಗೆ ಊದುಬತ್ತಿ ಕಡ್ಡಿ ಅಂಟಿಸಿ, ಕೆಳಗೆ ಮಗಳ ಕೋನಮಾಪಕ ಇಟ್ಟೆ. ಟೆಸ್ಟರ್ ಮನೆಯಲ್ಲೇ ಇತ್ತು, ಹಾರಿಸುವ ಮೊದಲು ಈ ಕೆಲಸ ಮಾಡಲಿಲ್ಲ, ನಾಚಿಕೆಯಾಗುತ್ತೆ. ಟೆಸ್ಟರ್ ಕಳಿಸುವ ಸಿಗ್ನಲ್‌ನ ಉದ್ದ ಎಷ್ಟೋ ಸರ್ವೋ ಅಷ್ಟು ತಿರುಗಬೇಕು. 1500 ಮೈಕ್ರೋಸೆಕೆಂಡಿಗೆ ನಡು. 1000ಕ್ಕೆ ಒಂದು ಕಡೆ 46 ಡಿಗ್ರಿ. 2000ಕ್ಕೆ ಇನ್ನೊಂದು ಕಡೆ ಬರೀ 31! ಎರಡೂ ಕಡೆ 45ರ ಆಸುಪಾಸು ಬರಬೇಕು ಅಲ್ವಾ? ಅದೂ ಹೋಗಲಿ, ವಾಪಸ್ 1500ಕ್ಕೆ ತಂದರೆ ಕಡ್ಡಿ 5 ಡಿಗ್ರಿ ಆಚೆಯೇ ನಿಲ್ಲುತ್ತೆ. ಹತ್ತು ಸಲ ನೋಡಿದೆ. ಹತ್ತೂ ಸಲ. ಬಿಚ್ಚಿದರೆ ಮೇಲಿನ ಗೇರ್ ಒಂದೇ ಹಿತ್ತಾಳೆ, ಒಳಗೆಲ್ಲ ಬಿಳಿ ಪ್ಲಾಸ್ಟಿಕ್.

ಅಂಗಡಿಗೆ ಹೋದೆ.

"ಟ್ರಾನ್ಸ್‌ಮಿಟರ್‌ನಲ್ಲಿ ಎಂಡ್ ಪಾಯಿಂಟ್ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್." ಅಂದರೆ ಸರ್ವೋ ಎಷ್ಟರವರೆಗೆ ತಿರುಗಬೇಕೆಂಬ ಮಿತಿಯನ್ನು ರಿಮೋಟ್‌ನಲ್ಲೇ ಬದಲಿಸಿಕೊಳ್ಳಿ ಅಂತ.

ಎರಡೂ ಸರ್ವೋ ಒಂದೇ ವೈ ಕೇಬಲ್‌ನಲ್ಲಿವೆ ಸ್ವಾಮಿ, ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೂ ಹೋಗುತ್ತೆ. ನಡುವಿಗೇ ಬಾರದ ಸರ್ವೋಗೆ ಯಾವ ಅಡ್ಜಸ್ಟು?

"ನಿಮ್ಮ ಮುಂದೇನೇ ಚೆಕ್ ಮಾಡಿ ಕೊಟ್ಟೆ ಅಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಈಗಲೂ ಉರಿಯುವುದು.

"ಸ್ಕ್ರೂ ಬೇರೆ ಬಿಚ್ಚಿದ್ದೀರ. ರಿಟರ್ನ್ ಇಲ್ಲ. ಬಿಲ್ ಇದ್ಯಾ?"

ಬಿಲ್ಲೂ ಇರಲಿಲ್ಲ. ಬಿಚ್ಚದೆ ಪ್ಲಾಸ್ಟಿಕ್ ಕಾಣುವುದು ಹೇಗೆ, ಹೇಳಿ!

ಕೋನಮಾಪಕ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಕೌಂಟರ್ ಮೇಲೇ ಅಳೆಯಿರಿ, ನಗುವವರು ನಗಲಿ. ಎರಡೂ ಕಡೆಯಿಂದ ನಡುವಿಗೆ ತಂದು ನೋಡಿ. ಬಿಲ್ ಬಿಡಬೇಡಿ.

ನಾನು ಹೊರಗೆ ಬರುವಾಗ ಅದೇ ಟೆಸ್ಟರ್‌ಗೆ ಒಬ್ಬ ಕಾಲೇಜು ಹುಡುಗನ ಸರ್ವೋ ಸಿಕ್ಕಿಸುತ್ತಿದ್ದರು. ಅವನಿಗೆ ಹೇಳೋಣ ಅಂದುಕೊಂಡೆ, ಬಾಯೇ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದೆ.