31ನೇ ವಾರದ ಹೊಟ್ಟೆ ಬಿಗಿತವನ್ನು ಚಾಟ್‌ನಲ್ಲಿ ಕೇಳಿ ಕೂತವಳ ಮಾತು: ನೀವು ಹೀಗೆ ಮಾಡಬೇಡಿ

ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಇದು ನನ್ನ ಎರಡನೇ ಬಸಿರು. ಮೊದಲನೆಯದನ್ನು 40 ವಾರ ಹೊತ್ತು, 14 ಗಂಟೆ ನೋವು ತಿಂದು ಹೆತ್ತವಳು ನಾನು. ಗೆಳತಿಯರು ಬಸಿರಾದರೆ ನನ್ನನ್ನೇ ಕೇಳುತ್ತಾರೆ, ನಾನೂ ದೊಡ್ಡ ಅನುಭವಸ್ಥೆಯಂತೆ ಹೇಳಿಕೊಡುತ್ತೇನೆ. ಅಂಥವಳು ನಡುರಾತ್ರಿ ಮೊಬೈಲ್ ಹಿಡಿದುಕೊಂಡು, ಯಾರೆಂದೇ ಗೊತ್ತಿಲ್ಲದವರು ಕಳಿಸಿದ ಸಂದೇಶ ನಂಬಿ ಎಡಮಗ್ಗುಲಿಗೆ ಮಲಗಿದ್ದೆ. ಹೊಟ್ಟೆಯಲ್ಲಿದ್ದ ಮಗುವಿಗೆ ಆಗ 31 ವಾರ 2 ದಿನ.

ಇಂಥ ಸೇವೆಗಳು ಹೇಗಿರುತ್ತವೆಂದು ನಿಮಗೆ ಗೊತ್ತೇ ಇದೆ. ಗರ್ಭಿಣಿಯರಿಗೆ ವಾರ ಎಣಿಸಿಕೊಡುವ ಒಂದು ಆಪ್, ಅದರೊಳಗೆ ದುಡ್ಡು ಕಟ್ಟಿದವರಿಗೆ ಮಾತ್ರ ತೆರೆಯುವ ಒಂದು ಬಾಗಿಲು. "24 ಗಂಟೆಯೂ ತಜ್ಞರು ನಿಮ್ಮ ಜೊತೆಗಿದ್ದಾರೆ" ಎಂಬ ಸಾಲು, ಅದರ ಪಕ್ಕದಲ್ಲಿ ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ನಗುವ ಹೆಂಗಸು. ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರು, ಕಟ್ಟಿದೆ. ಹೆಸರು ಹಾಕುವುದಿಲ್ಲ, ಹಾಕಿ ಇನ್ನೊಂದು ತಲೆನೋವು ತಂದುಕೊಳ್ಳಲಾರೆ. ಬಿಳಿ ಕೋಟಿನ ನಗು ನೋಡಿದರೆ ನಿಮಗೇ ಗುರುತು ಸಿಗುತ್ತದೆ.

ಯಾಕೆ ಕಟ್ಟಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲ ಸಲ 36ನೇ ವಾರದಲ್ಲಿ ಸುಳ್ಳು ನೋವು ಬಂದು, ಬ್ಯಾಗು ಗಂಟುಮೂಟೆ ಸಮೇತ ಆಸ್ಪತ್ರೆಗೆ ಓಡಿದ್ದೆ. ಎರಡು ಗಂಟೆ ನೋಡಿ ವಾಪಸ್ಸು ಕಳಿಸಿದರು. ಹೊರಡುವಾಗ ಬಾಗಿಲಲ್ಲಿ ಕೂತಿದ್ದವರೊಬ್ಬರು "ಇಷ್ಟಕ್ಕೇ ಬಂದಿರಾ?" ಎಂದು ನಕ್ಕರು. ಅಷ್ಟೇ. ಆ ನಗು ನಾಲ್ಕು ವರ್ಷ ನನ್ನೊಳಗೆ ಕೂತಿತ್ತು. ಈ ಸಲ ಸುಮ್ಮಸುಮ್ಮನೆ ಓಡಬಾರದು, ಮೊದಲು ಯಾರನ್ನಾದರೂ ಕೇಳಬೇಕು ಎಂದುಕೊಂಡಿದ್ದೆ. ಈಗ ಯೋಚಿಸಿದರೆ ನನಗೆ ಬೇಕಾಗಿದ್ದದ್ದು ಸಲಹೆಯೇ ಅಲ್ಲ. "ಏನೂ ಆಗಿಲ್ಲ, ಹೋಗಬೇಕಾಗಿಲ್ಲ" ಎಂದು ಯಾರಾದರೂ ಹೇಳಬೇಕಿತ್ತು. ಅದನ್ನೇ ಅವರು ಮಾರುತ್ತಾರೆ, ಅದನ್ನೇ ನಾನು ಕೊಂಡುಕೊಂಡೆ.

ಆ ರಾತ್ರಿ ಹನ್ನೊಂದೂವರೆಗೆ ದೊಡ್ಡವಳನ್ನು ಮಲಗಿಸುತ್ತಿದ್ದೆ. ಎಂದಿನಂತೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದವಳು ನಿದ್ದೆಗಣ್ಣಿನಲ್ಲೇ "ಅಮ್ಮಾ, ಕಲ್ಲು" ಎಂದಳು. ಮುಟ್ಟಿ ನೋಡಿದರೆ ನಿಜಕ್ಕೂ ಕಲ್ಲು. ಇಡೀ ಹೊಟ್ಟೆ ಗಟ್ಟಿಯಾಗಿ ಒಂದು ಕಡೆಗೆ ಗುಡ್ಡೆ ಕಟ್ಟಿತ್ತು. ಅರ್ಧ ನಿಮಿಷಕ್ಕೆ ಸಡಿಲವಾಯಿತು. ಎರಡನೇ ಬಸಿರಿನಲ್ಲಿ ಇಂಥ ಬಿಗಿತ ಮೊದಲಿಗಿಂತ ಬೇಗ ಶುರುವಾಗುತ್ತದೆ, ಹೆಚ್ಚು ಗೊತ್ತಾಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿತ್ತು ಎನ್ನುವುದೇ ಮುಳುವಾಯಿತು. ಸುಮ್ಮನಾದೆ. ಮತ್ತೆ ಬಂತು. ಮತ್ತೆ. ಒಂದು ಹಳೆಯ ಲಕೋಟೆಯ ಹಿಂದೆ ಹೊತ್ತು ಬರೆಯತೊಡಗಿದೆ: 11.52, 12.01, 12.09, 12.19, 12.27. ನೋವು ಎನ್ನುವಂಥ ನೋವಲ್ಲ. ಮುಟ್ಟಿನ ಮೊದಲ ದಿನ ಸೊಂಟ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಜೊತೆಗೆ ಕೆಳಗೆ ಏನೋ ಜಗ್ಗಿದಂತೆ ಭಾರ. ಮೊದಲ ಹೆರಿಗೆಯಲ್ಲಿ ನೋವು ಹೊಟ್ಟೆಯ ಮುಂಭಾಗದಲ್ಲಿ ಬಂದಿತ್ತು. ಇದು ಹಾಗಿಲ್ಲ, ಆದ್ದರಿಂದ ಇದು ಅದಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಗಂಡ ಎದ್ದು ಕೂತು "ಹೊರಡೋಣವೇ?" ಎಂದರು. "ತಡೆಯಿರಿ, ಕೇಳಿ ನೋಡುತ್ತೇನೆ, ಅದಕ್ಕೇ ಅಲ್ಲವೇ ದುಡ್ಡು ಕಟ್ಟಿರುವುದು?" ಎಂದೆ. ಈ ಮಾತು ನನ್ನ ಬಾಯಿಂದಲೇ ಬಂದದ್ದು.

1.10ಕ್ಕೆ ಬರೆದೆ. ಎಷ್ಟು ವಾರ, ಎಷ್ಟನೇ ಬಸಿರು, ಏನಾಗುತ್ತಿದೆ, ಎಲ್ಲ. ನಾಲ್ಕು ನಿಮಿಷದಲ್ಲಿ ಉತ್ತರ ಬಂತು: "ಗಾರಿಬಯಾಗಬೇಡಿ. ಎರಡನೇ ಗರ್ಭಧಾರಣೆಯಲ್ಲಿ ಸುಳ್ಳು ನೋವು ಬೇಗ ಕಾಣಿಸಿಕೊಳ್ಳುವುದು ಸಹಜ. ನೀರು ಕುಡಿದು ಎಡಮಗ್ಗುಲಿಗೆ ಮಲಗಿ ವಿಶ್ರಾಂತಿ ಪಡೆಯಿರಿ." ಗಾಬರಿಯನ್ನು ಗಾರಿಬ ಎಂದು ಬರೆದಿದ್ದು ನೋಡಿ ನಗು ಬಂತು. ಪಾಪ, ಅವರಿಗೂ ನಿದ್ದೆ ಎಂದುಕೊಂಡೆ. "ಧನ್ಯವಾದ ಮೇಡಂ, ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆ ಕೊಟ್ಟೆ, ಕ್ಷಮಿಸಿ" ಎಂದು ಕೈಮುಗಿಯುವ ಚಿತ್ರ ಹಾಕಿ ಕಳಿಸಿದೆ. ಹೌದು, ಕ್ಷಮೆ ಕೇಳಿದೆ!

ನೀರು ಕುಡಿದೆ, ಮಲಗಿದೆ. ನಿಲ್ಲಲಿಲ್ಲ. 1.48ಕ್ಕೆ ಮತ್ತೆ ಬರೆದೆ: ಸೊಂಟವೂ ಹಿಡಿದುಕೊಳ್ಳುತ್ತಿದೆ, ಬಟ್ಟೆ ಸ್ವಲ್ಪ ಒದ್ದೆ ಎನಿಸುತ್ತಿದೆ. ಉತ್ತರ ಅದೇ. ಅದರ ಕೆಳಗೆ ಉದ್ದನೆಯ ಪ್ಯಾರಾ ಬೇರೆ: ಈ ಬಿಗಿತಕ್ಕೆ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಹೆಸರಿದೆ, ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯರು 1872ರಲ್ಲಿ ಇದನ್ನು ವಿವರಿಸಿದರು. ಬಟ್ಟೆ ಒದ್ದೆಯಾಗುತ್ತಿದೆ ಎಂದು ಬಸುರಿಯೊಬ್ಬಳು ಬರೆದರೆ ಇವರು ಚರಿತ್ರೆಯ ಪಾಠ ಮಾಡುತ್ತಾರೆ. ನಾನಾದರೂ ಏನು, ಅದನ್ನು ಪೂರ್ತಿ ಓದಿದೆ.

2.35ಕ್ಕೆ ಕೈ ನಡುಗುತ್ತಿತ್ತು. "ಗಂಟೆಗೆ ಏಳು ಸಲ ಬರುತ್ತಿದೆ. ಆಸ್ಪತ್ರೆಗೆ ಹೋಗಲೇ ಬೇಡವೇ? ದಯವಿಟ್ಟು ಒಂದೇ ಮಾತು ಹೇಳಿ." ಉತ್ತರ ಬಂತು. "ಗಾರಿಬಯಾಗಬೇಡಿ."

ಆಗ ಹೊಳೆಯಿತು. ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ನೋಡಿದೆ. ಗಾರಿಬ. ಇನ್ನೂ ಮೇಲೆ. ಗಾರಿಬ. ಒಂದೇ ತಪ್ಪನ್ನು ಮನುಷ್ಯರು ಮೂರು ಸಲ ಅಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ. ಮೂರು ಸಂದೇಶವೂ ಅಕ್ಷರಕ್ಕೆ ಅಕ್ಷರ ಒಂದೇ. ಯಾರೋ ಎಂದೋ ಒಮ್ಮೆ ಬರೆದಿಟ್ಟಿದ್ದು. ಆ ಕಡೆ ಒಂದೋ ಯಾರೂ ಇರಲಿಲ್ಲ, ಇಲ್ಲವೇ ಇದ್ದವರು ನಾನು ಬರೆದದ್ದನ್ನು ಓದುತ್ತಿರಲಿಲ್ಲ. ಒಂದೂವರೆ ಗಂಟೆ ನಾನು ಗೋಡೆಯ ಜೊತೆ ಮಾತಾಡಿದ್ದೆ, ಗೋಡೆಗೆ ಕೈಮುಗಿದಿದ್ದೆ. ಹೊಟ್ಟೆ ಮತ್ತೆ ಕಲ್ಲಾಯಿತು. ಸಿಟ್ಟಿಗಿಂತ ಮೊದಲು ನನಗೆ ಬಂದದ್ದು ನಾಚಿಕೆ. ಗಂಡನಿಗೆ ಮೊಬೈಲ್ ತೋರಿಸದೆ "ಹೊರಡೋಣ" ಎಂದಷ್ಟೇ ಹೇಳಿದೆ.

ಹೆರಿಗೆ ವಾರ್ಡಿನ ಸಿಸ್ಟರ್ ನನ್ನನ್ನು ಮಂಚಕ್ಕೆ ಹತ್ತಿಸುತ್ತಲೇ ಕೇಳಿದರು: ಗಂಟೆಗೆ ಎಷ್ಟು ಸಲ? ನೀರು ಹೋಗಿದೆಯೇ, ರಕ್ತ ಕಂಡಿದೆಯೇ? ಮಗು ಆಡುತ್ತಿದೆಯೇ? ಮೂತ್ರ ಮಾಡುವಾಗ ಉರಿಯುತ್ತದೆಯೇ? ಮೊದಲನೆಯದು ತಿಂಗಳು ತುಂಬಿ ಹುಟ್ಟಿತೇ? ಎರಡು ನಿಮಿಷ ಹಿಡಿಯಲಿಲ್ಲ. ಈ ಪ್ರಶ್ನೆಗಳಲ್ಲಿ ಒಂದನ್ನೂ ಆ ತಜ್ಞರು ಕೇಳಿರಲಿಲ್ಲ. ಉರಿ ನಾಲ್ಕು ದಿನದಿಂದ ಇತ್ತು, ನೀರು ಕಡಿಮೆಯಾಗಿರಬೇಕು ಎಂದು ಬಿಟ್ಟಿದ್ದೆ. "ಸುಳ್ಳು ನೋವಾಗಿದ್ದರೆ ಕ್ಷಮಿಸಿ ಸಿಸ್ಟರ್" ಎಂದೆ. ಆ ರಾತ್ರಿ ನಾನು ಎಷ್ಟು ಜನರ ಹತ್ತಿರ ಕ್ಷಮೆ ಕೇಳಿದೆನೋ. ಅವರು ಹೊಟ್ಟೆಗೆ ಬೆಲ್ಟು ಕಟ್ಟುತ್ತಾ "ಸುಳ್ಳಾಗಿದ್ದರೆ ಸಂತೋಷವಾಗಿ ಮನೆಗೆ ಕಳಿಸುತ್ತೇವಮ್ಮಾ, ಅದನ್ನು ನೋಡುವುದಕ್ಕೇ ನಾವಿರುವುದು" ಎಂದರು.

ಸುಳ್ಳಾಗಿರಲಿಲ್ಲ. ಯಂತ್ರದ ಕಾಗದದ ಮೇಲೆ ಬಿಗಿತಗಳು ಗುಡ್ಡದ ಸಾಲಿನಂತೆ ಬಂದವು. ಹತ್ತಿಯ ಕಡ್ಡಿಯಿಂದ ಸ್ರಾವ ತೆಗೆದು ಪರೀಕ್ಷೆ ಮಾಡಿದರು. ಅದು ನೆಗೆಟಿವ್ ಬಂದರೆ ಮುಂದಿನ ಒಂದು ವಾರದಲ್ಲಿ ಹೆರಿಗೆಯಾಗುವ ಸಂಭವ ತೀರಾ ಕಡಿಮೆ, ನೆಮ್ಮದಿಯಾಗಿ ಮನೆಗೆ ಹೋಗಬಹುದಂತೆ. ನನ್ನದು ಪಾಸಿಟಿವ್. ಸ್ಕ್ಯಾನ್‌ನಲ್ಲಿ ಗರ್ಭಕಂಠದ ಉದ್ದ 18 ಮಿಲಿಮೀಟರ್. 30ಕ್ಕಿಂತ ಹೆಚ್ಚಿದ್ದಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ ಎಂದರು ಡಾಕ್ಟರ್. ಮೂತ್ರದಲ್ಲಿ ಸೋಂಕು, ಅದು ಗರ್ಭಕೋಶವನ್ನು ಕೆರಳಿಸಿ ನೋವು ಬರಿಸಬಲ್ಲದು. ನಾಲ್ಕು ದಿನದ ಉರಿಗೆ ನಾಲ್ಕು ದಿನದ ಹಿಂದೆಯೇ ಮಾತ್ರೆ ನುಂಗಬಹುದಿತ್ತು.

ಮಗುವಿನ ಶ್ವಾಸಕೋಶ ಬಲಿಯಲೆಂದು ಬೀಟಾಮೆಥಾಸೋನ್ ಚುಚ್ಚುಮದ್ದು ಕೊಟ್ಟರು, 24 ಗಂಟೆ ಬಿಟ್ಟು ಇನ್ನೊಂದು. ನೋವು ತಡೆಹಿಡಿಯಲು ನಿಫೆಡಿಪಿನ್ ಮಾತ್ರೆ. "ಇದು ಹೆರಿಗೆಯನ್ನು ನಿಲ್ಲಿಸುವ ಮದ್ದಲ್ಲ. ಆ ಚುಚ್ಚುಮದ್ದು ಕೆಲಸ ಮಾಡುವಷ್ಟು ಹೊತ್ತು, 48 ಗಂಟೆ, ಮುಂದೂಡಿಕೊಳ್ಳುವುದಕ್ಕೆ" ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಆಗ ನನಗೆ ಗಂಟೆಗಳ ಬೆಲೆ ಅರ್ಥವಾಯಿತು. ನಾನು ಕಳೆದುಕೊಂಡದ್ದು ಬರೀ ನಿದ್ದೆಯಲ್ಲ. ಎರಡನೇ ಹೆರಿಗೆ ಮೊದಲನೆಯದಕ್ಕಿಂತ ಬೇಗ ಆಗಿಬಿಡುವುದೇ ಹೆಚ್ಚು. ಇನ್ನೆರಡು ಗಂಟೆ ಎಡಮಗ್ಗುಲಿಗೆ ಮಲಗಿದ್ದರೆ ಏನಾಗುತ್ತಿತ್ತೋ, ಅದನ್ನು ನಾನು ಯೋಚಿಸುವುದಿಲ್ಲ.

ನನ್ನ ಅದೃಷ್ಟ, ನೋವು ನಿಂತಿತು. ಮಗು 35 ವಾರ 4 ದಿನಕ್ಕೆ ಹುಟ್ಟಿತು, ಆರು ದಿನ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದು ಮನೆಗೆ ಬಂತು. ಚೆನ್ನಾಗಿದೆ.

ಈಗ ಆ ಕಡೆಯವರ ಉತ್ತರಗಳಿಗೆ ಬರುತ್ತೇನೆ. ನನ್ನ ಹೊಟ್ಟೆ ಉರಿದದ್ದು ಇಲ್ಲಿ.

ಮೂರೂ ಸಂದೇಶದ ಚಿತ್ರ ತೆಗೆದು ದೂರು ಬರೆದೆ. ಮೊದಲ ಉತ್ತರ: "ನಮ್ಮದು ವೈದ್ಯಕೀಯ ಸಲಹೆಯಲ್ಲ, ಮಾಹಿತಿ ಬೆಂಬಲ. ನಿಯಮಗಳಲ್ಲಿ ತಿಳಿಸಲಾಗಿದೆ." ಹಾಗಾದರೆ ತಜ್ಞರು ಯಾರು? "ತರಬೇತಿ ಪಡೆದ ಆರೈಕೆ ಸಂಗಾತಿಗಳು." ಡಾಕ್ಟರೇ? ನರ್ಸೇ? ಸೂಲಗಿತ್ತಿಯೇ? "ಆರೈಕೆ ಸಂಗಾತಿಗಳು." ಮತ್ತೆ ಅದೇ ಗೋಡೆ. ಬಿಳಿ ಕೋಟು ಯಾರದ್ದು ಎಂದೆ. "ಸಾಂಕೇತಿಕ ಚಿತ್ರ" ಎಂದರು.

ಮರುದಿನ: "ನೀವು ತುರ್ತು ಗುಂಡಿ ಒತ್ತಿರಲಿಲ್ಲ." ಅಂಥದ್ದೊಂದು ಗುಂಡಿ ಇದೆಯಂತೆ. ಹುಡುಕಿ ಒತ್ತಿ ನೋಡಿದೆ. "ಹತ್ತಿರದ ಆಸ್ಪತ್ರೆಗೆ ಹೋಗಿ" ಎಂದು ತೋರಿಸಿತು. ನಾನು ಮೂರು ಸಲ ಕೇಳಿದ ಪ್ರಶ್ನೆಗೆ ಉತ್ತರ ಒಂದು ಗುಂಡಿಯ ಹಿಂದೆ ಕೂತಿತ್ತು.

ಕೊನೆಗೆ ಒಬ್ಬರು ಫೋನ್ ಮಾಡಿದರು. ದನಿ ಬಹಳ ಮೃದು. ಎಲ್ಲ ಕೇಳಿಸಿಕೊಂಡು "ಆದರೆ ಮೇಡಂ, ಮಗು ಈಗ ಚೆನ್ನಾಗಿದೆಯಲ್ಲವೇ?" ಎಂದರು. ನನಗೆ ಮಾತೇ ಹೊರಡಲಿಲ್ಲ. ಹೌದು, ಚೆನ್ನಾಗಿದೆ. ಅದರಲ್ಲಿ ನಿಮ್ಮ ಪಾಲು ಏನು? ಈ ಪ್ರಶ್ನೆ ಫೋನ್ ಇಟ್ಟ ಮೇಲೆ ಹೊಳೆಯಿತು, ನನಗೆ ಯಾವಾಗಲೂ ಹಾಗೆಯೇ. ಅಷ್ಟರಲ್ಲಿ ಸಂದೇಶ ಬಂದಿತ್ತು: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆ ಗಾರಿಬ ಒಂದನ್ನು ಬಿಟ್ಟು. ಎರಡನೇ ಬಸಿರಿನಲ್ಲಿ ಸುಳ್ಳು ನೋವು ಬೇಗ ಬರುವುದು ನಿಜ. ನೀರು ಕುಡಿದು ಮಗ್ಗುಲು ಬದಲಿಸಿದರೆ ಅದು ಸಾಮಾನ್ಯವಾಗಿ ಅಡಗುವುದೂ ನಿಜ. ಆದರೆ ಅಡಗದಿದ್ದರೆ? ಲೆಕ್ಕ ಹಾಕಿದಂತೆ ಬರುತ್ತಿದ್ದರೆ? ಅದನ್ನು ಕೇಳಬೇಕಾದ್ದು ಅವರ ಕೆಲಸವಾಗಿತ್ತು. ನಿಜವನ್ನೇ ಹೇಳಿ ಮೋಸ ಮಾಡಬಹುದು ಎನ್ನುವುದು ನನಗೆ ಆವರೆಗೆ ಗೊತ್ತಿರಲಿಲ್ಲ.

ನೀವು ಬಸುರಿಯಾಗಿದ್ದರೆ, ಅದರಲ್ಲೂ ಎರಡನೆಯದು, ನನಗೆಲ್ಲ ಗೊತ್ತು ಎನ್ನುವ ನನ್ನಂಥವರಾಗಿದ್ದರೆ: 37 ವಾರ ತುಂಬುವ ಮೊದಲು ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಬಿಗಿಯುತ್ತಿದ್ದರೆ, ಅಂದರೆ ಗಂಟೆಗೆ ಆರು ಸಲ ಅಥವಾ ಹೆಚ್ಚು, ನೋವಿರಲಿ ಬಿಡಲಿ, ಎದ್ದು ಹೊರಡಿ. ನೀರಿನಂಥ ಸ್ರಾವ, ರಕ್ತ, ಬಂದು ಹೋಗುವ ಸೊಂಟ ನೋವು, ಕೆಳಗೆ ಜಗ್ಗುವ ಭಾರ, ಮಗುವಿನ ಆಟ ಕಡಿಮೆಯಾಗುವುದು, ಇವುಗಳಲ್ಲಿ ಒಂದಿದ್ದರೂ ಎಣಿಸುತ್ತ ಕೂರಬೇಡಿ. ಮೂತ್ರ ಉರಿದರೆ ಅದೇ ದಿನ ತೋರಿಸಿ. ನಿಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿನ ನಂಬರ್ ಈಗಲೇ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ. ಯಾರಾದರೂ ನಕ್ಕರೆ ನಗಲಿ. ದುಡ್ಡು ಕಟ್ಟಿ ಸಲಹೆ ಪಡೆಯಲೇಬೇಕೆಂದಿದ್ದರೆ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನನಗೆ ಉತ್ತರಿಸುವವರು ಡಾಕ್ಟರೇ ನರ್ಸೇ, ಅವರ ನೋಂದಣಿ ಸಂಖ್ಯೆ ಎಷ್ಟು? ಉತ್ತರದಲ್ಲಿ "ಸಂಗಾತಿ" ಎಂಬ ಪದ ಬಂದರೆ ಆಪ್ ಅಳಿಸಿಹಾಕಿ.

ಇನ್ನೊಂದು, ಈಗಾಗಲೇ ಕಟ್ಟಿದವರಿಗೆ. ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಮೂರು ತಿಂಗಳು ಮುಗಿದ ಮೇಲೆ ಅದು ತಾನೇ ಮುಂದುವರಿಯುತ್ತದೆ. ಮೊಬೈಲಿನ ಪಾವತಿ ಪಟ್ಟಿಗೆ ಹೋಗಿ ಪ್ರತ್ಯೇಕವಾಗಿ ರದ್ದು ಮಾಡಬೇಕು. ಮಗುವನ್ನು ಮನೆಗೆ ಕರೆದುಕೊಂಡು ಬಂದ ವಾರವೇ ನನ್ನ ಖಾತೆಯಿಂದ ಮತ್ತೊಂದು ಕಂತು ಹೋಗಿದೆ. ವಾಪಸ್ಸು ಕೇಳಿದ್ದೇನೆ. ಪರಿಶೀಲಿಸುತ್ತಿದ್ದೇವೆ ಎಂದಿದ್ದಾರೆ.