ಡಿಎನ್‌ಎ ಹೊದ್ದ ಚಿನ್ನದ ಕಣವೋ, ಲಿಪಿಡ್ ಕಣವೋ?

ಜೀವಕೋಶದೊಳಗೆ ಇಣುಕಬೇಕೋ, ಔಷಧಿ ತಲುಪಿಸಬೇಕೋ? ಮೊದಲು ಇದನ್ನು ತೀರ್ಮಾನಿಸಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಇಣುಕುವುದಾದರೆ ನನ್ನ ಒಲವು ಚಿನ್ನದ ಕಡೆಗೆ. ಸುಮಾರು 13 ನ್ಯಾನೋಮೀಟರ್ ಕಣದ ಮೇಲೆ, ಗಂಧಕದ ಕೊಂಡಿಯಿಂದ ಡಿಎನ್‌ಎ ಎಳೆಗಳನ್ನು ಒತ್ತೊತ್ತಾಗಿ ಕೂರಿಸುತ್ತಾರೆ. ಅವಕ್ಕೆ ಹೊಳೆಯುವ ಬಣ್ಣ ಹೊತ್ತ ಚಿಕ್ಕ ಎಳೆಗಳು ಜೋಡಿಯಾಗಿರುತ್ತವೆ. ಚಿನ್ನದ ಪಕ್ಕದಲ್ಲಿರುವವರೆಗೆ ಬಣ್ಣ ಮಂಕು. ನಾವು ಹುಡುಕುವ ಆರ್‌ಎನ್‌ಎ (ಜೀನ್‌ನ ಸಂದೇಶ ಹೊತ್ತ ಎಳೆ) ಬಂದು ಅಂಟಿಕೊಂಡರೆ ಚಿಕ್ಕ ಎಳೆ ಕಳಚಿ ಹೊಳೆಯುತ್ತದೆ. ಕೋಶವನ್ನು ಒಡೆಯಬೇಕಿಲ್ಲ, ಜೀವಂತವಾಗಿಯೇ ನೋಡಬಹುದು. ಲಿಪಿಡ್, ಅಂದರೆ ಕೊಬ್ಬಿನಂಥ ವಸ್ತುವಿನ ಕಣದಲ್ಲಿ ಈ ಸೌಲಭ್ಯ ತಾನಾಗಿ ಬರುವುದಿಲ್ಲ. ಒಂದು ಎಚ್ಚರಿಕೆ: ಕಿಣ್ವಗಳು ಎಳೆ ಕತ್ತರಿಸಿದರೂ ಹೊಳಪು ಬರುತ್ತದೆ. ಹಾಗಾಗಿ ಹೋಲಿಸಲು, ಯಾವ ಆರ್‌ಎನ್‌ಎಗೂ ಹೊಂದದ ಎಳೆಯ ಕಣವನ್ನೂ ಇಟ್ಟುಕೊಳ್ಳಿ.

ಔಷಧಿ ವಿಷಯಕ್ಕೆ ಬಂದರೆ ಲಿಪಿಡ್ ಮುಂದು. ಚಿನ್ನ ಮೈಮೇಲೆ ಮಾತ್ರ ಹೊರುತ್ತದೆ, ಲಿಪಿಡ್ ಒಳಗೆ ತುಂಬಿಕೊಳ್ಳುತ್ತದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಎಂಬ ಆರ್‌ಎನ್‌ಎ ಔಷಧಿ, ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳು ಇದೇ ದಾರಿ ಹಿಡಿದವು. ಲಿಪಿಡ್ ದೇಹದಲ್ಲಿ ಕರಗುತ್ತದೆ. ಚಿನ್ನ ಕರಗದು, ಯಕೃತ್ತು ಮತ್ತು ಗುಲ್ಮದಲ್ಲಿ ಬಹಳ ಕಾಲ ಉಳಿಯುತ್ತದೆ. ಪದೇ ಪದೇ ಕೊಡುವ ಔಷಧಿಗೆ ಇದು ದೊಡ್ಡ ತಲೆನೋವು ಅಲ್ವಾ?

ಖರ್ಚು? ಹೆಸರು ಕೇಳಿ ಹೆದರಬೇಡಿ. ಚಿನ್ನ ಬೇಕಾಗುವುದು ಚೂರೇ ಚೂರು. ಬಣ್ಣ, ಗಂಧಕ ಜೋಡಿಸಿದ ಡಿಎನ್‌ಎಗೇ ಜಾಸ್ತಿ ಹಣ.

ಆರ್‌ಎನ್‌ಎಯನ್ನು ಪತ್ತೆಹಚ್ಚಿ ಅದರ ಕೆಲಸವನ್ನೂ ತಡೆಯಬೇಕು ಅಂದರೆ, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಟ್ಟಿಗೆ ಚಿನ್ನವನ್ನೇ ಹಿಡಿಯಿರಿ.