ಟಾಹೋ ಸರೋವರದ ಸುತ್ತ: ಪ್ರದಕ್ಷಿಣೆಯೋ, ಅಪ್ರದಕ್ಷಿಣೆಯೋ?

ಕ್ಯಾಲಿಫೋರ್ನಿಯಾ–ನೆವಾಡಾ ಗಡಿಯ ಟಾಹೋ ಸರೋವರವನ್ನು ಕಾರಿನಲ್ಲಿ ಸುತ್ತಲು ಸುಮಾರು 116 ಕಿ.ಮೀ. ಆಗುತ್ತದೆ. ಸೌತ್ ಲೇಕ್ ಟಾಹೋದಿಂದ ಹೊರಟರೆ ಎಡಕ್ಕೋ ಬಲಕ್ಕೋ ಎಂಬುದೇ ಮೊದಲ ಪ್ರಶ್ನೆ.

ಪ್ರದಕ್ಷಿಣೆ ಹಾಕಿದರೆ ನೀರು ಸದಾ ನಿಮ್ಮ ಬಲಕ್ಕೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲೇ ಓಡುವುದರಿಂದ, ದಡದ ಕಡೆಯ ತಂಗುದಾಣಕ್ಕೆ ಎದುರು ವಾಹನ ದಾಟದೆ ಸಲೀಸಾಗಿ ಇಳಿಯಬಹುದು. ಬೇಗ ಎದ್ದರೆ ಇನ್ನೂ ಲಾಭ: ಎಮರಾಲ್ಡ್ ಬೇ ಮೊದಲೇ ಸಿಗುತ್ತದೆ. ಪೂರ್ವಕ್ಕೆ ತೆರೆದ ಆ ಕೊಲ್ಲಿಯಲ್ಲಿ, ಸರೋವರದ ಏಕೈಕ ದ್ವೀಪ ಫ್ಯಾನೆಟ್‌ನ ಹಿಂದಿನಿಂದ ಸೂರ್ಯ ಏರುವುದನ್ನು ನೋಡಲೇಬೇಕು. ಬೇಸಿಗೆಯಲ್ಲಿ ತಡವಾದರೆ ಪಾರ್ಕಿಂಗ್ ಸಿಗುವುದು ಕಷ್ಟ.

ಅಪ್ರದಕ್ಷಿಣೆಯಲ್ಲಿ ಪೂರ್ವ ದಡದ ಕೇವ್ ರಾಕ್ ಸುರಂಗ, ಸ್ಯಾಂಡ್ ಹಾರ್ಬರ್ ಮರಳತೀರ ಮೊದಲು ಬರುತ್ತವೆ. ಆದರೆ ಪೂರ್ವ ದಡ ಚೆಂದ ಕಾಣುವುದು ಸಂಜೆಯ ಬೆಳಕಿನಲ್ಲಿ, ಅದಕ್ಕೇ ನನಗೆ ಈ ಕ್ರಮ ಅಷ್ಟು ಹಿಡಿಸದು. ಒಂದು ಮಾತು ಮಾತ್ರ ನಿಜ: ಎಮರಾಲ್ಡ್ ಬೇ ಮೇಲಿನ ಕಿರಿದಾದ ರಸ್ತೆಯಲ್ಲಿ ಕೆಲವೆಡೆ ತಡೆಗೋಡೆಯೇ ಇಲ್ಲ. ಪ್ರಪಾತ ಕಂಡರೆ ಕೈ ನಡುಗುವವರು ಬೆಟ್ಟದ ಬದಿಯಲ್ಲೇ ಸಾಗುವ ಈ ಅಪ್ರದಕ್ಷಿಣೆಯನ್ನೇ ಹಿಡಿಯಿರಿ.

ಚಳಿಗಾಲದಲ್ಲಾದರೆ ಹೊರಡುವ ಮುನ್ನ ರಸ್ತೆಯ ಸ್ಥಿತಿ ವಿಚಾರಿಸಿ. ಹಿಮಕುಸಿತದ ಭಯವಿದ್ದಾಗ ಎಮರಾಲ್ಡ್ ಬೇ ಬಳಿ 89ನೇ ಹೆದ್ದಾರಿಯನ್ನು ಮುಚ್ಚುತ್ತಾರೆ, ಆಗ ಪೂರ್ತಿ ಸುತ್ತು ಸಾಧ್ಯವಿಲ್ಲ.